ಏಳು ದ್ವೀಪ, ಒಂದು ಹನಿ

ತುರ್ಕು ಪಟ್ಟಣ. ಮಾರ್ಚ್. ಶುಕ್ರವಾರದ ಸಂಜೆ.
ಓಯ್ವಾ ಕೋಟು ಏರಿಸಿ ಹೊರಟ. ನಾನುಳಿದೆ,
ಮಿಕ್ಕ ಲೈಗೇಸನ್ನು ಎಸೆಯಲು ಮನಸ್ಸಾಗದೆ.

ವೆರ್ನರ್ ಮಾವ, ಅಮ್ಮನ ಅಣ್ಣ, ದ್ವೀಪಗಳ ಟಪಾಲಿನವ,
ಕಾಫಿ ಆರುವ ತನಕ ಹೇಳುತ್ತಿದ್ದುದು ಒಂದೇ ಕಥೆ:
ಅರವತ್ತಾರನೇ ಇಸವಿ, ಕಡಲು ಕಲ್ಲಾದ ಚಳಿಗಾಲ,
ಜಾರುದೋಣಿಗೆ ಪಟ ಕಟ್ಟಿ ಗಾಳಿಯ ಬೆನ್ನಿಗೆ ಬಿದ್ದು
ನಾಗುವಿನಿಂದ ಹೊರಟು ಉಟೊ ಮುಟ್ಟುವುದರೊಳಗೆ
ಏಳಕ್ಕೇಳೂ ದ್ವೀಪಕ್ಕೆ ಕಾಗದ ಹಂಚಿದ್ದು,
ಮೆಟ್ಟಿದ ದಡ ಮತ್ತೆ ಮೆಟ್ಟದೆ.
"ಒಂದೂ ಉಳಿಸಲಿಲ್ಲ ಗುನ್ನೆಲ್, ಒಂದೂ!"
ಹಾಗೆಂದು ಮೇಜು ಕುಟ್ಟುತ್ತಿದ್ದ. ಈಗವನಿಲ್ಲ.

ಹೋದ ತಿಂಗಳು ಹರಾಜಿನ ಪೆಟ್ಟಿಗೆಯಲ್ಲಿ ಸಿಕ್ಕಿತು
ಅದೇ ವಾರದ ಬಂದರುಕಟ್ಟೆಯ ಪುಸ್ತಕ:
ಯಾವ ಗಡ್ಡೆ ಭಾರ ಹೊರುತ್ತದೆ, ಯಾವುದು ಬಾಯಿಬಿಟ್ಟಿದೆ,
ಯಾವ ದಾರಿಯಲ್ಲಿ ಹೋಗಬಹುದು, ಬರಲಾಗದು.
ಪೆನ್ಸಿಲಿನಲ್ಲಿ ಹದಿನಾಲ್ಕು ಬಾಣ.

ಕೈಯಲ್ಲೇ ಬಿಡಿಸಬಹುದಿತ್ತು. ಏಳೇ ತಾನೆ,
ಮಳೆ ಹಿಡಿದ ಮಧ್ಯಾಹ್ನ ಮಗುವೊಂದು ಬಿಡಿಸೀತು.
ಆದರೆ ಪೆನ್ಸಿಲು ಮನಸ್ಸಿದ್ದ ಕಡೆಗೆ ವಾಲುತ್ತದೆ.
ನೀರಿಗೆ ಸೋದರಮಾವನಿಲ್ಲ.

ಒಂದೊಂದು ದ್ವೀಪಕ್ಕೂ ಇಪ್ಪತ್ತು ಅಕ್ಷರದ ಹೆಸರಿಟ್ಟೆ,
ಎ, ಟಿ, ಜಿ, ಸಿ, ನಾಲ್ಕರಲ್ಲೇ ಎಲ್ಲ ನಾಮಕರಣ.
ಬಾಣಕ್ಕೊಂದು ಎಳೆ: ಬಿಟ್ಟ ದ್ವೀಪದ ಬಾಲ,
ಸೇರುವ ದ್ವೀಪದ ತಲೆ.
ಕುದಿಯ ಹತ್ತಿರ ತಂದು ಮೆಲ್ಲಗೆ ತಣಿಸಿದರೆ
ಎ ಟಿಯನ್ನು ಹುಡುಕುತ್ತದೆ, ಜಿ ಸಿಯನ್ನು;
ಜಾತಕ ತಾಳೆಯಾದ ಕಡೆ ಎಳೆಗೆಳೆ ಕೂಡಿ
ಅಂಟು ಬೀಳುತ್ತದೆ.

ಕಣ್ಣೀರ ಹನಿಗಿಂತ ಕಿರಿದಾದ ಆ ಹನಿಯೊಳಗೆ
ಕೋಟಿ ಕೋಟಿ ವೆರ್ನರರು ಒಟ್ಟಿಗೇ ಹೊರಟರು.
ಕೊರ್ಪೊದಲ್ಲಿ ನಿಂತುಬಿಟ್ಟವರು,
ನೊಟೊ ಆಸ್ಪೊ ನೊಟೊ ಆಸ್ಪೊ ಎಂದು ಗಾಣ ತಿರುಗಿದವರು,
ಉಟೊದಿಂದಲೇ ಹೊರಟ ತಲೆತಿರುಕರು.
ಯಾರೂ ಯಾರಿಗೂ ದಾರಿ ಬಿಡಬೇಕಿರಲಿಲ್ಲ.
ಉತ್ತರ ಇದ್ದರೆ, ನಾನು ಕೈ ತೊಳೆದು ಬರುವುದರೊಳಗೆ
ಅದು ಹುಟ್ಟಿಯಾಗಿತ್ತು. ಹುಡುಕುವುದೇ ವಾರದ ಕೆಲಸ.

(ಇನ್ನೂರು ದ್ವೀಪವಿದ್ದರೆ? ಓಯ್ವಾ ನಗುತ್ತಾನೆ:
ಬೇಕಾಗುವ ಎಳೆಯ ತೂಕ ಭೂಮಿಗಿಂತ ಹೆಚ್ಚಂತೆ.
ನನಗೆ ಏಳು ಸಾಕು.)

ನಾಗುವಿನಲ್ಲಿ ತೊಡಗಿ ಉಟೊದಲ್ಲಿ ಮುಗಿದವರನ್ನಷ್ಟೇ
ಹೆಚ್ಚಿಸಿದೆ. ಜೆಲ್ಲಿನ ಬಾವಿಗಿಳಿಸಿ ವಿದ್ಯುತ್ತು ಹರಿಸಿದೆ.
ಗಿಡ್ಡರು ಮುಂದೆ ಓಡಿದರು, ಉದ್ದನವರು ಏದುಸಿರು ಬಿಟ್ಟರು.
ನೂರನಲವತ್ತರ ಗೆರೆಯಲ್ಲಿ ಬೆಳಕಿನ ಒಂದು ಪಟ್ಟಿ!
ಏಳು ಇಪ್ಪತ್ತಲೆ ನೂರನಲವತ್ತು.
ಮಾವಾ, ಎಂದೆ ಗಟ್ಟಿಯಾಗಿ, ಖಾಲಿ ಕೋಣೆಗೆ.

ಉದ್ದ ಸರಿಯಿದ್ದರೆ ಸಾಲದು, ಊರೂ ಸರಿಯಿರಬೇಕು.
ದ್ವೀಪಕ್ಕೊಂದು ಗಾಳ: ಕಬ್ಬಿಣದ ಮಣಿ, ಅದರ ಮೈಗೆ ಪ್ರತಿಹೆಸರು.
ಆಯಸ್ಕಾಂತ ಹಿಡಿದು, ಕಚ್ಚದವರನ್ನು ತೊಳೆದು ತೆಗೆದೆ.
ಕೊರ್ಪೊ, ಕಚ್ಚಿತು.
ಹೌಟ್ಸ್ಕಾರ್, ಕಚ್ಚಿತು. ನೊಟೊ. ಆಸ್ಪೊ.
ಯುರ್ಮೊ
ಖಾಲಿ.

ಮತ್ತೆ ಮಾಡಿದೆ, ಸೋಮವಾರ, ಹೊಸ ಮಣಿ. ಖಾಲಿ.
ಆಗ, ಚೆಲ್ಲಬೇಕಿದ್ದ ತೊಳೆದ ನೀರನ್ನೇ ಓದಿಸಿದೆ:
ನಾಗು, ಕೊರ್ಪೊ, ಹೌಟ್ಸ್ಕಾರ್, ಆಸ್ಪೊ, ನೊಟೊ,
ಆಸ್ಪೊ, ಉಟೊ.

ಎರಡು ಸಲ ಆಸ್ಪೊ.
ಮಾವನ ಮಣ್ಣಿಗೆ ಆಸ್ಪೊದಿಂದ ಹಿಲ್ಡೂರ್ ಬಂದಿದ್ದಳು,
ಹಿಂದಿನ ಸಾಲಿನಲ್ಲಿ ನಿಂತು, ಕೈಚೀಲ ಕಳಚದೆ,
ಊಟಕ್ಕೆ ನಿಲ್ಲದೆ ಹೋದಳು. ಅಮ್ಮ ಯಾರೆಂದು ಕೇಳಿದ್ದಳು.
ಯುರ್ಮೊದಲ್ಲಿ ಆ ವಾರ ಯಾರು ಕಾದಿದ್ದರೋ,
ಯಾವ ಕಾಗದಕ್ಕೋ.

ಓಯ್ವಾ ಹೇಳುವುದೂ ನಿಜ: ಈ ವಿದ್ಯೆಗೆ
ಇದೆ ಎನ್ನಲು ಬರುತ್ತದೆ, ಇಲ್ಲ ಎನ್ನಲು ಬರುವುದಿಲ್ಲ.
ಸಿಗಲಿಲ್ಲ, ಅಷ್ಟೇ.
ಎಳೆಯೊಂದು ಹುಟ್ಟದೇ ಇದ್ದೀತು,
ಹುಟ್ಟಿಯೂ ಕೊಳವೆಯ ಗೋಡೆಗೆ ಅಂಟಿದ್ದೀತು,
ಕೋಟಿಯಲ್ಲಿ ಒಬ್ಬನೇ ಪ್ರಾಮಾಣಿಕನನ್ನು
ಹೊಳೆಯಲ್ಲಿ ಹುಣಿಸೇಹಣ್ಣಿನ ಹಾಗೆ
ನಾನೇ ತೊಳೆದು ಕಳೆದಿದ್ದೇನು.

ಪುಸ್ತಕ ಮೇಜಿನ ಖಾನೆಯಲ್ಲಿದೆ. ಪೆನ್ಸಿಲೂ ಇದೆ.
ಹದಿನಾಲ್ಕು ಬಾಣ, ಹತ್ತು ನಿಮಿಷದ ಕೆಲಸ,
ಖಚಿತವಾಗಿ ಗೊತ್ತಾಗುತ್ತದೆ.

ಕೊಳವೆಗೆ ಚೀಟಿ ಅಂಟಿಸಿ, ತಾರೀಕು ಬರೆದು,
ಮೈನಸ್ ಇಪ್ಪತ್ತರಲ್ಲಿಟ್ಟೆ.
ಅವನಿಗೆ ಪರಿಚಯದ ಚಳಿ.
ಖಾನೆಯನ್ನು ಮೊಣಕಾಲಿನಿಂದ ಮುಚ್ಚಿದೆ.